ಇಳಿಸುವ ಬುಟ್ಟಿ, ಎತ್ತುವ ಬುಟ್ಟಿ

ದಡ್. ಅದರ ಬೆನ್ನಿಗೇ ಒಂದು ಉದ್ದನೆಯ ‘ಹಾ’.

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೈಂದೂರು ಕಡೆಗೆ ಹೋಗುವ ಬೆಳಗಿನ ಬಸ್ಸಿಗಾಗಿ ಕುಂದಾಪುರದಲ್ಲಿ ಕಾಯುತ್ತ ನಿಂತಾಗ ದಿನವೂ ಕೇಳುತ್ತಿದ್ದ ಸದ್ದು ಅದು. ಮೀನು ಮಾರುವ ಹೆಂಗಸರು ತಲೆಯ ಮೇಲಿನ ಬುಟ್ಟಿಯನ್ನು ಸಿಮೆಂಟು ನೆಲಕ್ಕೆ ಇಳಿಸುತ್ತಿದ್ದರು. ಮೊದಲು ಬುಟ್ಟಿಯ ದಡ್, ಆಮೇಲೆ ಹಗುರಾದ ಎದೆಯ ಹಾ. ನಾನು ಇಸ್ತ್ರಿ ಮಾಡಿದ ವಾಯಿಲ್ ಸೀರೆಯ ನೆರಿಗೆ ಹಿಡಿದುಕೊಂಡು, ಮೂಗಿಗೆ ಕರ್ಚೀಫು ಒತ್ತಿಕೊಂಡು, “ಎಕ್ಸ್‌ಕ್ಯೂಸ್ ಮಿ” ಎಂದು ಪಕ್ಕಕ್ಕೆ ಸರಿಯುತ್ತಿದ್ದೆ.

“ಹ್ವಾಯ್ ಟೀಚರಮ್ಮ, ವಾಸ್ನಿಯಾ?” ಎಂದು ಒಬ್ಬಳು ಒಮ್ಮೆ ಕೇಳಿಯೇಬಿಟ್ಟಳು. “ಉಂಬತಿಗೆ ವಾಸ್ನಿ ಬತ್ತಿಲ್ಯಾ?”

ನಿಜ ಹೇಳಬೇಕೆಂದರೆ ಉಣ್ಣುವಾಗ ಬರುತ್ತಿರಲಿಲ್ಲ. ನಮ್ಮದು ಬಸ್ರೂರಿನ ವ್ಯಾಪಾರದ ಮನೆ, ಬಂಗುಡೆ ಇಲ್ಲದೆ ಮಧ್ಯಾಹ್ನ ಮುಗಿಯುತ್ತಿರಲಿಲ್ಲ. ಆದರೆ ಕಾನ್ವೆಂಟಿನಲ್ಲಿ ಓದಿದವಳಿಗೆ ಬಸ್‌ಸ್ಟ್ಯಾಂಡಿನ ಮೀನು ಬೇರೆ, ಬಟ್ಟಲಿನ ಮೀನು ಬೇರೆ. ಈ ದಡ್‌ಗೂ ಹಾ‌ಗೂ ನನ್ನ ಇಂಗ್ಲಿಷಿಗೂ ಸಂಬಂಧ ಇದೆ ಎಂದು ಆಗ ಯಾರಾದರೂ ಹೇಳಿದ್ದರೆ ಕರ್ಚೀಫು ಇನ್ನೊಂದು ಪದರ ಮಡಚುತ್ತಿದ್ದೆ, ಅಷ್ಟೆ.

ಈಗ ಹೊಸತಾಗಿ ಇಂಗ್ಲಿಷ್ ಟೀಚರುಗಳಾಗಿ ಸೇರುತ್ತಿರುವ ಹುಡುಗಿಯರು ಆಗಾಗ ಮನೆಗೆ ಬಂದು, “ಮೇಡಂ, ಏನಾದ್ರೂ ಟಿಪ್ಸ್ ಕೊಡಿ” ಎನ್ನುತ್ತಾರೆ. ಟಿಪ್ಸ್ ಕೊಡಲು ನಾನೇನು ಹೋಟೆಲಿಗೆ ಊಟಕ್ಕೆ ಬಂದ ಗಿರಾಕಿಯೇ? ಅದಕ್ಕೇ ಇದನ್ನು ಬರೆದಿಟ್ಟಿದ್ದೇನೆ. ನನ್ನ ಬಡ್ತಿಗಳ ವಿಷಯ ಇದರಲ್ಲಿಲ್ಲ. ಬಂದದ್ದೇ ಅಪರೂಪ, ಬಂದವೂ ಯಾರೋ ನಿವೃತ್ತರಾದರೆಂದು ಬಂದವು.

ನನ್ನ ರೋಗದ ಮೂಲ ಸಿಸ್ಟರ್ ಬೆನೆಡಿಕ್ಟಾ. ಮಂಗಳೂರಿನ ಬೋರ್ಡಿಂಗಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದವರು. ಹುಟ್ಟಿದ್ದು ಅಲ್ಲಿಯೇ ಎಲ್ಲೋ ನದಿ ಆಚೆ, ಆದರೆ ನಾಲಿಗೆಯನ್ನು ಮಾತ್ರ ಲಂಡನ್ನಿನಿಂದ ಪಾರ್ಸೆಲ್ ತರಿಸಿಕೊಂಡಂತೆ ಮಾತಾಡುತ್ತಿದ್ದರು. ಅವರ ಮುದ್ದಿನ ಪಾಠ ಒಂದಿತ್ತು. ಇಂಗ್ಲಿಷಿನಲ್ಲಿ ಕೆಲವು ಪದಗಳು ಹೆಸರೂ ಆಗುತ್ತವೆ, ಕೆಲಸವೂ ಆಗುತ್ತವೆ. ಬರೆಯುವುದು ಒಂದೇ ಥರ. ಹೆಸರಾದಾಗ ಭಾರ, ಸಿಸ್ಟರ್ ಬಾಯಲ್ಲಿ ‘ಸ್ಟ್ರೆಸ್’, ಮೊದಲ ತುಂಡಿನ ಮೇಲೆ. ಪ್ರೆಸೆಂಟ್ ಅಂದರೆ ಉಡುಗೊರೆ. ಕೆಲಸವಾದಾಗ ಭಾರ ಎರಡನೆಯ ತುಂಡಿಗೆ ಜಾರುತ್ತದೆ, ಮೊದಲನೆಯದು ಸೊರಗುತ್ತದೆ. ಪ್ರಿಸೆಂಟ್ ಅಂದರೆ ಕೊಡು, ಎದುರಿಗಿಡು. ರೆಕಾರ್ಡ್ ಒಂದು ವಸ್ತು, ರಿಕಾರ್ಡ್ ಮಾಡುವ ಕೆಲಸ. ಭಾರ ಎಲ್ಲಿ ಬೀಳಬೇಕು ಎಂದು ಸಿಸ್ಟರ್ ಪೆನ್ಸಿಲ್ಲಿನಿಂದ ನಮ್ಮ ನೆತ್ತಿಯ ಮೇಲೇ ಬಡಿದು ತೋರಿಸುತ್ತಿದ್ದರು. ಹೆಸರಾದರೆ ಮೊದಲ ಏಟು ಜೋರು, ಕೆಲಸವಾದರೆ ಎರಡನೆಯದು. ಜಿಡ್ಡುಜಿಡ್ಡಾಗಿ ಎಣ್ಣೆ ಹಚ್ಚಿಕೊಂಡ ನನ್ನ ತಲೆಗೆ ಏಟು ಚೆನ್ನಾಗಿ ಕೂರುತ್ತಿತ್ತು ಅಂತ ಕಾಣುತ್ತದೆ. ಇವತ್ತಿಗೂ ಟೀವಿಯಲ್ಲಿ ಯಾರಾದರೂ ತಪ್ಪು ಹೇಳಿದರೆ ನೆತ್ತಿ ಚುರುಕ್ಕೆನ್ನುತ್ತದೆ.

ಇಷ್ಟು ಬಂಡವಾಳ ಇಟ್ಟುಕೊಂಡು ನಾನು ಬೈಂದೂರು ಕಡೆಯ ಹೈಸ್ಕೂಲಿಗೆ ಬಂದು ಇಳಿದೆ. ಅಲ್ಲಿಯ ಹೆಡ್‌ಮಾಸ್ಟರ್ ಉಡುಪರು. ಸಜ್ಜನರು. ಇಂಗ್ಲಿಷನ್ನು ತೆಂಗಿನಕಾಯಿ ಎಣಿಸಿದ ಹಾಗೆ ಓದುತ್ತಿದ್ದರು, ಒಂದೊಂದು ಅಕ್ಷರಕ್ಕೂ ಸಮಾನ ಗೌರವ, ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಡೆಮಾಕ್ರಸಿ ಅಂದರೆ ಅದು.

ನಾನು ಸ್ಕೇಲಿನಿಂದ ಮೇಜು ಬಡಿಯುತ್ತ ಪಾಠ ಶುರುಮಾಡಿದೆ. ಮಕ್ಕಳ ನೆತ್ತಿ ಬಡಿಯುವ ಧೈರ್ಯ ಇರಲಿಲ್ಲ. ಇಲ್ಲಿಯ ತಾಯಂದಿರು ತಿರುಗಿ ನನ್ನ ನೆತ್ತಿಗೇ ಬರುವವರು. ಜೋರಾಗಿ ಬಡಿದ ತುಂಡನ್ನು ಗಟ್ಟಿಯಾಗಿ ಹೇಳಿ, ಮೆಲ್ಲಗೆ ಬಡಿದದ್ದನ್ನು ಸ್ವಲ್ಪ ನುಂಗಿ ಎಂದೆ. ಅದೇ ನಾನು ಮಾಡಿದ ಮೊದಲ ಬ್ಲಂಡರ್. ಕುಂದಾಪುರ ಸೀಮೆಯ ಮಕ್ಕಳಿಗೆ ನುಂಗಲು ಹೇಳಬಾರದು! ಬರುತ್ತೇನೆ ಎನ್ನುವಷ್ಟು ಉದ್ದದ ಮಾತನ್ನು ‘ಬತ್ತೆ’ ಎಂದು ಒಂದೇ ಗುಟುಕಿಗೆ ಮುಗಿಸುವವರು, ತಾವಿರುವ ಸೀಮೆಯ ಹೆಸರನ್ನೇ ‘ಕುಂದಾಪ್ರ’ ಎಂದು ಅರ್ಧ ನುಂಗಿದವರು. ಒಂದು ವಾರದಲ್ಲಿ ನನ್ನ ಕ್ಲಾಸಿನಲ್ಲಿ ಇಂಗ್ಲಿಷ್ ಪದಗಳಿಗೆ ತಲೆ ಇದ್ದರೆ ಬಾಲವಿಲ್ಲ, ಬಾಲ ಇದ್ದರೆ ತಲೆಯಿಲ್ಲ. ಹಾಜರಿ ಕೂಗಿದರೆ “ಪ್ರೆಸ್ ಟೀಚರ್, ಪ್ರೆಸ್ ಟೀಚರ್”. ಇಡೀ ಕ್ಲಾಸು ಪತ್ರಕರ್ತರ ಸಮ್ಮೇಳನದ ಹಾಗೆ.

ಉಡುಪರು ಬಾಗಿಲಲ್ಲಿ ನಿಂತು ಕೇಳಿದರು. ಆಮೇಲೆ ನನ್ನನ್ನು ಕೋಣೆಗೆ ಕರೆದರು.

“ಟೀಚರೆ, ನೀವ್ ಮೇಜ್ ಬಡುದ್ ಎಂತಕೆ?”

ನಾನು ವಿವರಿಸಿದೆ. ಅವರು ಕಣ್ಣುಮುಚ್ಚಿ ಪೂರ್ತಿ ಕೇಳಿಕೊಂಡರು.

“ಇದ್ ಪರೀಕ್ಷೆಗ್ ಬತ್ತಾ?”

“ಇಲ್ಲ ಸರ್.”

“ಬತ್ತಿಲ್ಲೆ ಅಲ್ದಾ. ಮತ್ತ್ ಮೇಜ್ ಸರ್ಕಾರದ್ದ್. ಹೋಯ್ನಿ.”

ಹೀಗೆ ನನ್ನ ಕ್ರಾಂತಿ ಮುಗಿಯಿತು. ಆದರೆ ಉಡುಪರನ್ನು ಬೈಯಲಾರೆ. ಮಳೆಗಾಲದಲ್ಲಿ ನನ್ನ ಬಸ್ಸು ತಡವಾದಾಗಲೆಲ್ಲ ತಾವೇ ಕ್ಲಾಸಿಗೆ ಹೋಗಿ, ತೆಂಗಿನಕಾಯಿ ಎಣಿಸುತ್ತ ನನ್ನ ಪಾಠ ಮಾಡುತ್ತಿದ್ದರು. ಆ ಮಕ್ಕಳು ಪಾಸಾದದ್ದೂ ಅವರ ಇಂಗ್ಲಿಷಿನಿಂದಲೇ.

ನಡುವಿನ ವರ್ಷಗಳಲ್ಲಿ ಬಂದುಹೋದ ವಿಧಾನಗಳನ್ನು ನೋಡಿದರೆ ನಗು ಬರುತ್ತದೆ. ಮೊದಲು ಕ್ಯಾಸೆಟ್ಟು ಬಂತು. ಅದರಲ್ಲಿ ಯಾರೋ ಬ್ರಿಟಿಷ್ ಹೆಂಗಸು ಬಹಳ ಸೊಗಸಾಗಿ ಹೇಳುತ್ತಿದ್ದಳು. ಕಡಲ ಉಪ್ಪುಗಾಳಿಗೆ ಪ್ಲೇಯರಿನ ಒಳಗೆಲ್ಲ ತುಕ್ಕು ಹಿಡಿದು ಒಂದೇ ಮಳೆಗಾಲದಲ್ಲಿ ಅವಳ ದನಿ ಎಳೆಎಳೆದು ಗಂಡಸಾಯಿತು. ಮಕ್ಕಳು “ಟೀಚರ್, ಇವತ್ತ್ ಹೆಂಡ್ತಿ ಇಲ್ಲೆ, ಗಂಡ ಬಂದಿದ” ಎನ್ನುತ್ತಿದ್ದರು. ಆಮೇಲೆ ಸಿ.ಡಿ. ಆಮೇಲೆ ಗೋಡೆಗೆ ಹಚ್ಚುವ ಚಾರ್ಟು. ಆಮೇಲೆ ‘ನಲಿಯುತ್ತ ಕಲಿ’ ಎನ್ನುವಂಥ ತರಬೇತಿಗಳು. ನಲಿದದ್ದು ಊಟದ ಗುತ್ತಿಗೆ ಹಿಡಿದವರು ಮಾತ್ರ. ಪ್ರತಿ ಹೊಸ ವಿಧಾನ ಬಂದಾಗಲೂ ಹಿಂದಿನದು ಅವೈಜ್ಞಾನಿಕ ಎಂದು ನಮಗೆ ತಿಳಿಸಲಾಗುತ್ತಿತ್ತು. ಹಿಂದಿನದನ್ನು ವೈಜ್ಞಾನಿಕ ಎಂದು ತಿಳಿಸಿದ್ದವರೂ ಅವರೇ.

ಹೀಗೆ ಹಳತಾಗುತ್ತ ಆಗುತ್ತ ನಾನು ತರಬೇತಿ ಕೊಡುವವಳಾದೆ. ಸರ್ಕಾರಿ ಪ್ರೈಮರಿ ಶಾಲೆಗಳಲ್ಲಿ ಒಂದನೆಯ ಕ್ಲಾಸಿನಿಂದಲೇ ಇಂಗ್ಲಿಷ್ ವಿಭಾಗ ಶುರುಮಾಡುವ ಗಡಿಬಿಡಿ. ಜೀವಮಾನವಿಡೀ ಕನ್ನಡದಲ್ಲಿ ಪಾಠ ಮಾಡಿದ ಟೀಚರುಗಳನ್ನು ಬ್ರಹ್ಮಾವರದ ಒಂದು ಹಾಲಿನಲ್ಲಿ ಕೂರಿಸಿ ಇಂಗ್ಲಿಷ್ ಕುಡಿಸಬೇಕಿತ್ತು. ಕುಡಿಸುವವಳು ನಾನು.

ಅಲ್ಲಿ ಸಿಕ್ಕವಳು ಪದ್ದು ಟೀಚರ್.

ಪದ್ಮಾವತಿ ಎಂದು ಹಾಜರಿಯಲ್ಲಿತ್ತು, ಆ ಹೆಸರಿನಿಂದ ಕರೆದರೆ ಅವಳೇ ತಿರುಗುತ್ತಿರಲಿಲ್ಲ. ಕಿರಿಮಂಜೇಶ್ವರದ ಹತ್ತಿರ ಕಡಲ ದಂಡೆಯ ಒಂದು ಪುಟ್ಟ ಶಾಲೆಯ ಹೆಡ್‌ಮಿಸ್ಟ್ರೆಸ್. ಹೆಡ್ಡೂ ಅವಳೇ, ಮಿಸ್ಟ್ರೆಸ್ಸೂ ಅವಳೇ. ಇನ್ನೊಬ್ಬ ಟೀಚರ್ ವಾರದ ಅರ್ಧ ಭಾಗ ಬೇರೆ ಶಾಲೆಗೆ. ಅಗಲ ಭುಜ, ಗಂಟೆಯಂಥ ಗಂಟಲು, ಮೀನುಗಾರರ ಮನೆಯ ಮಗಳು. ಮೊದಲ ದಿನವೇ ಮೊದಲ ಬೆಂಚಿನಲ್ಲಿ ಕೂತು ನನ್ನನ್ನು ತಡೆದಳು.

“ಹ್ವಾಯ್ ಟೀಚರೆ, ಒಂದೇ ಸ್ಪೆಲ್ಲಿಂಗ್ ಇಟ್ಕಂಡ್ ಎರಡ್ ನಮೂನಿ ಹೇಳುದಾ? ಇದೆಂತ ಕತಿ?”

“ಇಂಗ್ಲಿಷ್ ಹಾಗೇ, ಪದ್ದು ಟೀಚರ್.”

“ಹಾಂಗಾರೆ ಇಂಗ್ಲೀಷಿನವ್ರಿಗ್ ಮಳ್ಳ್.”

ಹಾಲೆಲ್ಲ ನಕ್ಕಿತು. ಟೀ ಹೊತ್ತಿಗೆ ಅವಳು ನನ್ನ ಹತ್ತಿರ ಬಂದಳು. ಆಗ ಮುಖದಲ್ಲಿ ನಗು ಇರಲಿಲ್ಲ.

ವಿಷಯ ಇಷ್ಟು. ಅವಳ ಶಾಲೆಗೆ ಮಕ್ಕಳು ಕಡಿಮೆಯಾಗುತ್ತಿದ್ದರು. ಬೆಳಿಗ್ಗೆ ಇಂಗ್ಲಿಷ್ ಮೀಡಿಯಮ್ಮಿನ ಹಳದಿ ವ್ಯಾನು ಕಡಲ ದಂಡೆಯವರೆಗೂ ಬಂದು ಮಕ್ಕಳನ್ನು ಗುಡಿಸಿಕೊಂಡು ಹೋಗುತ್ತಿತ್ತು. ಶಾಲೆಯ ಸಮಿತಿಯ ಅಧ್ಯಕ್ಷ ಮಂಜಣ್ಣ, ದೋಣಿಯ ಧಣಿ. ಅವನ ಮೊಮ್ಮಗಳೇ ಟೈ ಕಟ್ಟಿಕೊಂಡು ವ್ಯಾನು ಹತ್ತುತ್ತಿದ್ದಳು. ಹೀಗೇ ಆದರೆ ಶಾಲೆಯನ್ನು ಹೈವೇ ಆಚೆಯ ಶಾಲೆಗೆ ಸೇರಿಸಿಬಿಡುತ್ತೇವೆ ಎಂದು ಶಿಕ್ಷಣ ಇಲಾಖೆಯ ಸಾಹೇಬರು ಹೇಳಿಯಾಗಿತ್ತು. ನಾಲ್ಕು ಪಥದ ಆ ಹೈವೇ ದಾಟುವುದು ದೊಡ್ಡವರಿಗೇ ಕಷ್ಟ. ಉಳಿದ ದಾರಿ ಒಂದೇ: ಇಂಗ್ಲಿಷ್ ವಿಭಾಗಕ್ಕೆ ಪರ್ಮಿಶನ್. ಅದಕ್ಕೆ ಪದ್ದು ತರಬೇತಿ ಮುಗಿಸಿ, ಸಾಹೇಬರ ಎದುರು, ಪೋಷಕರ ಎದುರು, ತನ್ನ ಶಾಲೆಯಲ್ಲೇ ಒಂದು ಪಾಠ ಮಾಡಿ ತೋರಿಸಬೇಕು. ಸಾಹೇಬರು ಒಪ್ಪಬೇಕು, ಊರವರು ಮಕ್ಕಳನ್ನು ಸೇರಿಸಬೇಕು.

“ಪಾಠ ನಾ ಹ್ಯಾಂಗಾರೂ ಮಾಡ್ತೆ ಟೀಚರೆ. ಆದ್ರೆ ಆ ವ್ಯಾನಿನ ಮಕ್ಕಳ್ ಹೇಳ್ದಾಂಗೆ ನನ್ ಮಕ್ಕಳೂ ಹೇಳ್ಕ್. ಇಲ್ದಿರೆ ಮಂಜಣ್ಣ ನೆಗಾಡ್ತ. ಈ ಭಾರ ಅಂಬುದ್ ನಂಗೆ ತಲೆಗೆ ಹೋತಿಲ್ಲೆ, ಕಾಣಿ.”

ಭಾರ ತಲೆಗೆ ಹೋಗುವುದಿಲ್ಲ ಎಂದವಳು ಮಾತನ್ನು ಅಲ್ಲಿಗೇ ನಿಲ್ಲಿಸಿದಳು. ಹಾಲಿನ ಮೂಲೆಯಲ್ಲಿದ್ದ ಕುಡಿಯುವ ನೀರಿನ ಕ್ಯಾನನ್ನು ಟೀ ಮೇಜಿನ ಹತ್ತಿರ ತರಬೇಕಿತ್ತು. ಸೆರಗು ಸುತ್ತಿ ಸಿಂಬೆ ಮಾಡಿ ತಲೆಯ ಮೇಲಿಟ್ಟುಕೊಂಡಳು.

“ಟೀಚರೆ, ಆಚಿ ಬದಿ ಹಿಡ್ಕಣಿ.”

ಹಿಡಿದೆ. ಅವಳು ಉಸಿರು ಒಳಗೆಳೆದಳು. “ಹ್ಞ… ಹೋಪ್!” ಕ್ಯಾನು ತಲೆಯ ಮೇಲೆ. ಎರಡು ಹೆಜ್ಜೆ ನಡೆದು, ನನ್ನ ಕೈ ಹಿಡಿಸಿ, ಕೆಳಗಿಳಿಸಿದಳು. ದಡ್. ಹಾ.

ನೆತ್ತಿ ಚುರುಕ್ಕೆಂದಿತು. ಸಿಸ್ಟರ್ ಬೆನೆಡಿಕ್ಟಾರ ಪೆನ್ಸಿಲ್ಲು ಎಷ್ಟೋ ದಶಕ ದಾಟಿ ಬಂದು ಬಡಿದ ಹಾಗೆ.

“ಪದ್ದು ಟೀಚರ್, ಇನ್ನೊಮ್ಮೆ ಎತ್ತಿ!”

“ಎಂತಕೆ, ನೀರ್ ಕುಡುಕಾ?”

“ಎತ್ತುವಾಗ ಭಾರ ಎಲ್ಲಿದೆ? ಮೊದಲು ಉಸಿರು, ಆಮೇಲೆ ಭಾರ. ಇಳಿಸುವಾಗ? ಮೊದಲು ಭಾರ, ಆಮೇಲೆ ಉಸಿರು. ಎತ್ತುವುದು ಕೆಲಸ. ಇಳಿಸಿ ಕೂತ ಬುಟ್ಟಿ ಒಂದು ವಸ್ತು.”

ಅವಳು ನನ್ನನ್ನೇ ನೋಡಿದಳು. ಮೆಲ್ಲಗೆ ಕ್ಯಾನು ಎತ್ತಿದಳು. “ಪ್ರಿ… ಸೆಂಟ್!” ಇಳಿಸಿದಳು. “ಪ್ರೆ! …ಸೆಂಟ್.” ಆಮೇಲೆ ಹಾಲಿನ ಕಡೆಗೆ ತಿರುಗಿ ಕೂಗಿದಳು:

“ಏ ಹೆಂಗ್ಸರೆ, ಏಳಿನಿ ಎಲ್ಲರೂ! ಬ್ಯಾಗ್ ತಲಿಗ್ ಇಟ್ಕಣಿ!”

ಊಟದ ಬುತ್ತಿ, ವ್ಯಾನಿಟಿ ಬ್ಯಾಗು, ತರಬೇತಿಯ ದಪ್ಪ ಕೈಪಿಡಿ ಎಲ್ಲವೂ ತಲೆ ಏರಿದವು. ರಿ-ಕಾರ್ಡ್, ರೆ-ಕಾರ್ಡ್. ಎತ್ತು, ಇಳಿಸು. ಗಂಡಸು ಮಾಸ್ತರರು ಮೊದಲು ನಾಚಿದರು, ಆಮೇಲೆ ಅವರೇ ಎಲ್ಲರಿಗಿಂತ ಜೋರು. ಸರಿಯಾಗಿ ಆ ಹೊತ್ತಿಗೆ ಸಾಹೇಬರು ತಪಾಸಣೆಗೆಂದು ಬಾಗಿಲಲ್ಲಿ ಬಂದು ನಿಂತರು. ಬಯಲುಸೀಮೆಯವರು, ಆಗಷ್ಟೇ ನಮ್ಮ ಕಡೆಗೆ ವರ್ಗವಾಗಿ ಬಂದವರು.

“ಏನ್ರೀ ಇದು? ಸಂತೇನೋ, ಟ್ರೇನಿಂಗೋ?”

“ಸ್ಟ್ರೆಸ್ ಸರ್,” ಎಂದೆ ನಾನು.

“ನನಗೂ ಅದೇ ಆಗ್ತಿದೆ,” ಎಂದು ಅವರು ಹೋದರು.

ಈ ವಿಧಾನದಲ್ಲಿ ತೂತುಗಳಿಲ್ಲವೆಂದಲ್ಲ. ಕೆಲವು ಪದಗಳು ಎತ್ತಿದರೂ ಇಳಿಸಿದರೂ ಅಲುಗುವುದಿಲ್ಲ. ಆನ್ಸರ್, ವಿಸಿಟ್, ರಿಪೋರ್ಟ್, ಇವುಗಳಿಗೆ ಹೆಸರೂ ಒಂದೇ, ಕೆಲಸವೂ ಒಂದೇ. ಕಾನ್ವೆಂಟಿನ ಜೀವ ನನ್ನದು, ಅಪವಾದ ಹೇಳದೆ ಇರಲಾರೆ. ಮರುದಿನವೇ ಪದ್ದುವಿಗೆ ಹೇಳಿದೆ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ.

“ಅದ್ ಲಾರಿ ಮೀನ್, ಟೀಚರೆ. ಐಸ್ ಹಾಕಿ ಹೋಪುದ್. ಅದನ್ನ ಯಾರೂ ತಲಿ ಮೇಲೆ ಹೊರುದಿಲ್ಲೆ.”

ಇಂದಿಗೂ ನನ್ನ ಲೆಕ್ಕದಲ್ಲಿ ಇಂಗ್ಲಿಷ್ ಪದಗಳು ಎರಡೇ ಜಾತಿ: ಬುಟ್ಟಿ ಮೀನು, ಲಾರಿ ಮೀನು.

ಪಾಠ ತೋರಿಸುವ ದಿನ ನಿಗದಿಯಾಯಿತು. ಮಳೆ ಕಡಿಮೆಯಾಗಿ ಕಡಲು ತಿಳಿಯಾಗುತ್ತಿದ್ದ ದಿನಗಳು. ಪದ್ದು ಮನೆಮನೆಗೆ ಹೋಗಿ ಪೋಷಕರೆಲ್ಲ ಬರಲೇಬೇಕೆಂದು ಹೇಳಿ ಬಂದಿದ್ದಳು. ನಾನು ಕುಂದಾಪುರದಿಂದ ಮೊದಲ ಬಸ್ಸಿಗೇ ಹೊರಟು ಶಾಲೆಗೆ ಹೋದೆ. ಜಗಲಿಯಲ್ಲಿ ಸಾಲಾಗಿ ಪುಟ್ಟ ಪುಟ್ಟ ಬುಟ್ಟಿಗಳು. ಬಾಗಿಲಿಗೆ ಮಾವಿನ ಸೊಪ್ಪು. ಒಳಗೆ ಒಂದು ನರಪಿಳ್ಳೆಯೂ ಇಲ್ಲ.

ಪದ್ದು ಟೀಚರ್ ಮೆಟ್ಟಿಲ ಮೇಲೆ ನಿಂತು ಕಡಲ ಕಡೆಗೆ ನೋಡುತ್ತಿದ್ದಳು.

“ಮಕ್ಕಳೆಲ್ಲಿ?”

“ಬಂಗುಡಿ ಬಂದಿತ್ತ್,” ಎಂದಳು. “ದಂಡಿಗೇ ಬಂದಿತ್ತ್, ರಾಶಿ. ಕೈರಂಪಣಿ ಬಿಟ್ಟಿದ್ರ್.”

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೀನಿನ ಹಿಂಡು ದಡಕ್ಕೆ ಬಂದಾಗ ಉದ್ದನೆಯ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಡದಿಂದಲೇ ಎಳೆಯುವುದು ಕೈರಂಪಣಿ. ಅದಕ್ಕೆ ಊರಿಗೆ ಊರೇ ಬೇಕು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ, ಮುದುಕರಿರಲಿ, ಮಕ್ಕಳಿರಲಿ, ಮೀನಿನಲ್ಲಿ ಪಾಲು. ಅಂಥ ಬೆಳಿಗ್ಗೆ ಯಾವ ಮಗು ಶಾಲೆಗೆ ಬರುತ್ತದೆ? ನಾವು ಪಂಚಾಂಗ ನೋಡಿದ್ದೆವು, ಸಾಹೇಬರ ಡೈರಿ ನೋಡಿದ್ದೆವು, ಕಡಲನ್ನು ಕೇಳಿರಲಿಲ್ಲ.

“ಸಾಹೇಬರಿಗೆ ಫೋನ್ ಮಾಡಿ ಮುಂದೂಡೋಣ,” ಎಂದೆ.

“ಮುಂದೆ ಹಾಕಿರೆ ಅವ್ರ್ ಬತ್ರಾ? ಇವತ್ತೇ ಕಡೀ ದಿನ.”

ಅಷ್ಟರಲ್ಲಿ ಜೀಪು ಬಂದೇ ಬಂತು. ಸಾಹೇಬರು ಇಳಿದು ಖಾಲಿ ಕೋಣೆ ನೋಡಿದರು, ಖಾಲಿ ಬುಟ್ಟಿ ನೋಡಿದರು, ನಮ್ಮಿಬ್ಬರನ್ನು ನೋಡಿದರು.

“ಎಲ್ರೀ ಮಕ್ಕಳು? ಇದಕ್ಕೇ ಹೇಳಿದ್ದು ನಾನು, ವಿಲೀನ ಮಾಡಿಬಿಡೋಣ ಅಂತ.”

ಪದ್ದು ಟೀಚರ್ ನೆಟ್ಟಗೆ ನಿಂತಳು. ಅವಳ ಕಂಠದಿಂದ ಅಂಥ ಶುದ್ಧ ಕನ್ನಡ ನಾನು ಅದುವರೆಗೆ ಕೇಳಿರಲಿಲ್ಲ. “ಹೊರಾಂಗಣ ಚಟುವಟಿಕೆ, ಸರ್. ತಾವು ದಯಮಾಡಿ ಈ ಕಡೆ ಬರಬೇಕು.”

ದಂಡೆಯಲ್ಲಿ ಊರೇ ಇತ್ತು. ಎರಡು ಹಗ್ಗ, ಎರಡು ಸಾಲು. ಬಾಲದಲ್ಲಿ ನಮ್ಮ ಮಕ್ಕಳು, ಯೂನಿಫಾರ್ಮಿನಲ್ಲೇ. ಮುಂದಾಳು ಕೂಗುತ್ತಿದ್ದ, ಉಳಿದವರು “ಐ…ಸಾ!” ಎಂದು ಎಳೆಯುತ್ತಿದ್ದರು. ಪದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಗ್ಗ ಹಿಡಿದು, ಮುಂದಾಳಿಗಿಂತ ದೊಡ್ಡ ಗಂಟಲಿನಲ್ಲಿ ಕೂಗಿದಳು:

“ಮಕ್ಕಳೆ! ಎಳೂದ್ ಕೆಲ್ಸ ಅಲ್ದಾ? ಕೆಲ್ಸ ಅಂದ್ರೆ ಭಾರ ಎಲ್ಲ್?”

“ಹಿಂದೆ!” ಎಂದವು ಮಕ್ಕಳು.

“ಹಾಂಗಾರೆ ಹೇಳಿ! ಪ್ರಿ…”

“…ಸೆಂಟ್!” ಹಗ್ಗ ಒಂದು ಮೊಳ ಬಂತು.

“ರಿ…”

“…ಕಾರ್ಡ್!” ಇನ್ನೊಂದು ಮೊಳ.

ಮೊದಲು ಮಕ್ಕಳು ಮಾತ್ರ. ಆಮೇಲೆ ಅವರ ಮುಂದಿದ್ದ ಹೆಂಗಸರು. ಸ್ವಲ್ಪ ಹೊತ್ತಿನಲ್ಲಿ ಮೀಸೆ ಹೊತ್ತ, ಬನಿಯನ್ನು ಒದ್ದೆಯಾದ ಗಂಡಸರೆಲ್ಲ “ಅಬ್…ಜೆಕ್ಟ್!” “ರಿ…ಬೆಲ್!” ಎಂದು ಎಳೆಯುತ್ತಿದ್ದರು. ಏನು ಹೇಳುತ್ತಿದ್ದೇವೆಂದು ಯಾರಿಗೂ ಗೊತ್ತಿರಲಿಲ್ಲ, ಆದರೆ ಮೈ ಗಾಡ್, ಒಬ್ಬನದೂ ತಪ್ಪಲಿಲ್ಲ. ಸಿಸ್ಟರ್ ಬೆನೆಡಿಕ್ಟಾ ಇದ್ದಿದ್ದರೆ ಶಿಲುಬೆ ಮುಟ್ಟಿಕೊಳ್ಳುತ್ತಿದ್ದರು.

ಸಾಹೇಬರು ಶೂ ಒದ್ದೆಯಾಗದಂತೆ ದೂರ ನಿಂತಿದ್ದರು. ಒಬ್ಬ ಅಜ್ಜ ಅವರನ್ನು ನೋಡಿದ.

“ಹ್ವಾಯ್ ಸಾಹೇಬ್ರೆ, ಕೈ ಕಟ್ಕಂಡ್ ನಿಂತ್ರೆ ಮೀನ್ ಬತ್ತಾ? ಹಗ್ಗ ಹಿಡ್ಕಣಿ!”

ನಾನು ಕಣ್ಣುಮುಚ್ಚಿಕೊಂಡೆ. ತೆರೆದಾಗ ಸಾಹೇಬರು ಶೂ ಕಳಚಿ, ಪ್ಯಾಂಟು ಮಡಚಿ, ಅಜ್ಜನ ಹಿಂದೆ ನಿಂತು ಎಳೆಯುತ್ತಿದ್ದರು. ಯಾರಾದರೂ ಹಗ್ಗ ಕೊಟ್ಟರೆ ಮನುಷ್ಯ ಎಳೆಯುತ್ತಾನೆ, ಅವನಿಗೆ ಎಷ್ಟೇ ದೊಡ್ಡ ಹುದ್ದೆಯಿರಲಿ.

ಬಲೆ ದಡಕ್ಕೆ ಬಂತು. ಬೆಳ್ಳಿ ಸುರಿದ ಹಾಗೆ ಬಂಗುಡೆ. ಮಕ್ಕಳು ಓಡಿಹೋಗಿ ಜಗಲಿಯ ಬುಟ್ಟಿಗಳನ್ನು ತಂದವು. ತುಂಬಿ ಇಳಿಸುವಾಗ, ಯಾರೂ ಹೇಳಿಕೊಡದೆ, “ಪ್ರೆ!…ಸೆಂಟ್” ಎಂದವು. ಸಾಹೇಬರು ಇನ್ನೂ ಏದುಸಿರು ಬಿಡುತ್ತ ಅದನ್ನು ಕೇಳಿಸಿಕೊಂಡರು. ಒಂದು ಪುಟ್ಟ ಹುಡುಗಿಯನ್ನು ಕರೆದು, “ಎತ್ತುವಾಗ ಬೇರೆ ಥರ ಯಾಕಮ್ಮ ಹೇಳ್ತೀಯಾ?” ಎಂದರು. ಅವಳಿಗೆ ಪ್ರಶ್ನೆಯೇ ವಿಚಿತ್ರವಾಯಿತು. “ಎತ್ತತಿಗೆ ಮುಂಚೆಯೇ ಉಸ್ರ್ ಬಿಟ್ರೆ ಬುಟ್ಟಿ ಬೀಳ್ತ್ ಸರ್,” ಎಂದಳು.

ಮರಳ ಮೇಲೆ ಪಾಲು ಹಾಕತೊಡಗಿದರು. ಸಣ್ಣ ಸಣ್ಣ ರಾಶಿ. ಒಂದನ್ನು ಅಜ್ಜ ಸಾಹೇಬರ ಮುಂದಿಟ್ಟ.

“ಅಯ್ಯೋ, ನಾವು ತಿನ್ನೋದಿಲ್ಲ.”

“ತಿನ್ನಿ ಅಂದವ್ರ್ ಯಾರ್? ಹಗ್ಗ ಎಳ್ದವ್ರ್ ಪಾಲ್ ಬ್ಯಾಡ ಅಂಬುಕಾಗ.”

ಸಾಹೇಬರು ತೆಪ್ಪಗೆ ಕರ್ಚೀಫು ಹಾಸಿದರು. ಆಗ ಬಲೆಯ ಧಣಿ ಮಂಜಣ್ಣ ಪದ್ದುವಿನ ಕಡೆ ತಿರುಗಿ, ದೊಡ್ಡ ಮನಸ್ಸಿನಿಂದ, “ಟೀಚರೆ, ನಿಮ್ ಮಕ್ಕಳ್ ಇವತ್ತ್ ಲಾಯ್ಕ್ ಎಳ್ದ್ವ್. ಶಾಲಿಗೂ ಒಂದ್ ಪಾಲ್ ಹಾಕ್ತೆ” ಎಂದ.

“ಹಾಕ್ಕೇ,” ಎಂದಳು ಪದ್ದು. “ಆದ್ರೆ ಮೀನ್ ಸಾಕಾತಿಲ್ಲೆ ಮಂಜಣ್ಣ.”

ಮಕ್ಕಳ ಕಡೆಗೆ ಕೈ ತೋರಿಸಿದಳು.

“ನಿಮ್ ಬಲಿ ಎಳುಕೆ ನನ್ ಶಾಲಿ ಮಕ್ಕಳ್ ಬಂದ್ವ್. ಸಾಹೇಬ್ರ್ ಬಪ್ಪ ದಿನ ಅಂತ ಗೊತ್ತಿದ್ದೂ ನೀವ್ ಕರ್ದ್ರಿ, ಅವ್ ಬಂದ್ವ್. ನನ್ ಹಗ್ಗ ಎಳುಕೆ ನೀವ್ ಬಂದ್ರ್ಯಾ? ನಿಮ್ ಮೊಮ್ಮಗಳ್ನ ವ್ಯಾನಿಗ್ ಹತ್ಸ್ತ್ರಿ, ಬಲಿ ಬಿಟ್ಟ್ ದಿನ ಮಾತ್ರ ನನ್ ಮಕ್ಕಳ್ ಬೇಕಾ? ಶಾಲಿ ಪಾಲ್ ಕೊಡಿನಿ. ಮೀನಲ್ಲ. ಮಕ್ಕಳ್.”

ಮಂಜಣ್ಣನ ಮೊಮ್ಮಗಳು ಅಲ್ಲೇ ಇದ್ದಳು. ವ್ಯಾನು ತಪ್ಪಿಸಿ, ಟೈ ಕಟ್ಟಿಕೊಂಡೇ, ಮೊಣಕಾಲುದ್ದ ನೀರಿನಲ್ಲಿ ನಿಂತು ಉಳಿದ ಮಕ್ಕಳ ಜೊತೆ ಬುಟ್ಟಿ ಎತ್ತಿ ಇಳಿಸುತ್ತಿದ್ದಳು. ಮಂಜಣ್ಣ ಅವಳನ್ನು ನೋಡಿದ. ಹಗ್ಗಕ್ಕೆ ಬಂದವರಿಗೆ ಪಾಲು ಕೊಡದೆ ಕಳಿಸಿದ ಎನ್ನಿಸಿಕೊಂಡರೆ ಮುಂದಿನ ಬಲೆಗೆ ಆ ಧಣಿಯನ್ನು ಯಾರೂ ನಂಬುವುದಿಲ್ಲ. ಅದು ಅವನಿಗೆ ಗೊತ್ತಿತ್ತು, ದಂಡೆಗೂ ಗೊತ್ತಿತ್ತು.

“ಸೋಮಾರ್ದಿಂದ ಬತ್ತಳ್,” ಎಂದ, ಮರಳು ನೋಡುತ್ತ. “ಆ ಟೈಗ್ ದುಡ್ಡ್ ಹಾಳ್.”

ಅವಳ ಹಿಂದೆ ಉಳಿದವರೂ ಬಂದರು. ಧಣಿಯ ಮೊಮ್ಮಗಳಿಗೆ ಸಾಲುವ ಶಾಲೆ ತಮ್ಮ ಮಕ್ಕಳಿಗೆ ಸಾಲದೇ? ಹಳದಿ ವ್ಯಾನು ಕೆಲವು ದಿನ ಬಂದು ಹಾರ್ನು ಹೊಡೆದು, ಆಮೇಲೆ ಬೇರೆ ದಾರಿ ಹಿಡಿಯಿತು. ಇಂಗ್ಲಿಷ್ ವಿಭಾಗಕ್ಕೆ ಪರ್ಮಿಶನ್ ಸಿಕ್ಕಿತು. ಸಾಹೇಬರು ತಮ್ಮ ಪಾಲನ್ನು ಡ್ರೈವರನಿಗೆ ಕೊಟ್ಟರಂತೆ. ಜೀಪಿನ ವಾಸನೆ ಹೋಗಲು ಮುಂದಿನ ಮಳೆಗಾಲವೇ ಬೇಕಾಯಿತಂತೆ. ಆಮೇಲೆ ಎಲ್ಲಿ ಸಿಕ್ಕರೂ ಅವರು ನನ್ನನ್ನು ಕೇಳುತ್ತಿದ್ದ ಮೊದಲ ಮಾತು, “ಮೇಡಂ, ಬಂಗುಡೆ ಬಂತೇನ್ರೀ?”

ಹೊಸ ಟೀಚರುಗಳೇ, ಇದನ್ನು ಓದಿ ನೀವು ಕ್ಲಾಸಿಗೆ ಬುಟ್ಟಿ ಒಯ್ಯಬೇಡಿ. ಮಕ್ಕಳ ಮೈಗೆ ಆಗಲೇ ಗೊತ್ತಿರುವುದು ಏನು ಎಂದು ಮಾತ್ರ ನೋಡಿ. ನಾನು ಆ ಪಾಠವನ್ನು ಆಮೇಲೆ ಬ್ರಹ್ಮಾವರದ ಪೇಟೆಯ ಮಕ್ಕಳಿಗೆ ಮಾಡಲು ಹೋಗಿ ಮಣ್ಣು ಮುಕ್ಕಿದೆ. ಅವರು ಹುಟ್ಟಿದಾಗಿನಿಂದ ತಲೆಯ ಮೇಲೆ ಏನನ್ನೂ ಹೊತ್ತವರಲ್ಲ, ಬುಟ್ಟಿ ಎಂದರೆ ಕಸದ ಬುಟ್ಟಿ ಎಂದುಕೊಂಡರು. ಅವರಿಗೆ ಕ್ರಿಕೆಟ್ ಬ್ಯಾಟು ಬೇಕಾಯಿತು. ಅದು ಬೇರೆಯೇ ಅವಾಂತರ, ಒಂದು ಟ್ಯೂಬ್‌ಲೈಟಿನ ಪ್ರಾಣ ಹೋಯಿತು.

ಪದ್ದು ನಿವೃತ್ತಳಾದಳು, ನಾನೂ ಆದೆ. ಕಳೆದ ಚಳಿಗಾಲದಲ್ಲಿ ಒಂದು ಮದುವೆಗೆಂದು ಬೈಂದೂರಿಗೆ ಹೋದವಳು, ಬರುವಾಗ ಕಿರಿಮಂಜೇಶ್ವರದಲ್ಲಿ ಬಸ್ಸಿಳಿದು ಶಾಲೆ ನೋಡಲು ಹೋದೆ. ಹೊಸ ಟೀಚರ್, ಗೋಡೆಯಲ್ಲಿ ದೊಡ್ಡ ಟೀವಿ. ಟೀವಿಯೊಳಗೆ ಇಂಗ್ಲಿಷ್ ಹೆಂಗಸು, ನಮ್ಮ ಹಳೆಯ ಕ್ಯಾಸೆಟ್ಟಿನವಳ ಮೊಮ್ಮಗಳಿರಬೇಕು. ಕೋಣೆ ತುಂಬ ಮಕ್ಕಳು. ಕೂರಲು ಜಾಗ ಸಾಲದೆ ಒಂದೆರಡು ಕಿಟಕಿ ಕಟ್ಟೆಯ ಮೇಲೆ.

ದಂಡೆಯಲ್ಲಿ ಬಲೆ ಎಳೆದು ಮುಗಿದಿತ್ತು. ಪದ್ದು ಟೀಚರ್ ಮರಳಲ್ಲಿ ಒಂದು ತುಂಬಿದ ಬುಟ್ಟಿಯ ಪಕ್ಕ ನಿಂತಿದ್ದಳು. ತೀರ ಸೊರಗಿದ್ದಳು. ಆ ಭುಜಗಳು ಎಲ್ಲಿ ಹೋದವೋ. ಮೊಣಕಾಲಿಗೆ ಪಟ್ಟಿ.

“ಹ್ವಾಯ್! ಕುಂದಾಪ್ರದ ಕಾನ್ವೆಂಟ್! ಇಲ್ಲೆಂತ?” ಗಂಟಲು ಮಾತ್ರ ಹಾಗೇ ಇತ್ತು.

“ನಿಮ್ಮನ್ನು ನೋಡೋಣ ಅಂತ. ಈ ಬುಟ್ಟಿ ಯಾರದ್ದು?”

“ಶಾಲಿ ಪಾಲ್. ಅವತ್ತಿಂದ ಬಲಿ ಬಿಟ್ಟಾಗೆಲ್ಲ ಒಂದ್ ಪಾಲ್ ಶಾಲಿಗಿತ್ತಲೆ. ನಾ ಪ್ಯಾಟಿಗ್ ತಕಂಡ್ ಹೋಯಿ ಮಾರ್ಕಂಡ್ ಬತ್ತೆ. ಮಕ್ಕಳ್ ಬುಕ್ಕಿಗಾತ್ತ್.”

“ಈ ಕಾಲಿನಲ್ಲಿ? ಬೇರೆ ಯಾರೂ ಇಲ್ಲವಾ?”

“ಇದ್ರ್. ನಾ ಕೊಡುದಿಲ್ಲೆ.” ಸೆರಗು ಸುತ್ತಿ ಸಿಂಬೆ ಮಾಡಿದಳು. “ಬಾಯ್ ಬಿಟ್ಕಂಡ್ ನಿಂತ್ರೆ ಆಯ್ತಾ? ಆಚಿ ಬದಿ ಹಿಡ್ಕಣಿ.”

ಮದುವೆಯ ರೇಷ್ಮೆ ಸೀರೆಯಲ್ಲೇ ಬಗ್ಗಿ ಹಿಡಿದೆ. ಕರ್ಚೀಫು ನೆನಪಾಗಲಿಲ್ಲ. ಅವಳು ಉಸಿರು ಒಳಗೆಳೆದಳು, ನಾನೂ ಎಳೆದೆ. ಬುಟ್ಟಿ ಮೇಲೆ ಹೋಯಿತು. ಒಂದು ಕ್ಷಣ ತೂಗಿ, ಸಿಂಬೆಯ ಮೇಲೆ ಕೂತಿತು.

ಅವಳು ನಡೆದಳು. ತಲೆಯ ಮೇಲೆ ಭಾರ ಇರುವವರು ಕತ್ತು ತಿರುಗಿಸುವಂತಿಲ್ಲ, ಅದಕ್ಕೇ ಹೋಗುತ್ತೇನೆ ಎಂದು ತಿರುಗಿ ಹೇಳಲಿಲ್ಲ. ಆ ಬೆನ್ನು ನೋಡುತ್ತ ನನಗೆ ಏನಾದರೂ ಕೂಗಬೇಕೆನ್ನಿಸಿತು.

“ಪದ್ದು ಟೀಚರೇ! ಹೆಸರಾ, ಕೆಲಸವಾ?”

ನಿಲ್ಲದೆ, ತಿರುಗದೆ, ಒಂದು ಕೈಯನ್ನು ಮಾತ್ರ ಬುಟ್ಟಿಯಿಂದ ತೆಗೆದು ಗಾಳಿಯಲ್ಲಿ ಬೀಸಿದಳು.

“ಎತ್ತಿ ಆಯ್ತಲೆ ಮಾರಾಯ್ರೆ! ಇನ್ನೆಂತ ಕೇಂಬುದ್?”

ಗಾಳಿಮರಗಳ ನಡುವೆ ಬುಟ್ಟಿ ಮರೆಯಾಗುವವರೆಗೆ ನಿಂತಿದ್ದೆ. ಅವಳನ್ನು ನಾನು ನೋಡಿದ್ದು ಅದೇ ಕೊನೆ.